ಬಿಲ್ಲಿನಲ್ಲಿ ಮೂರು ಅಂಕಿ ಬರೆದು ಕೊಡಿ

ಸಂಪಾದಕರೇ,

ಹೋದ ವಾರ ನಿಮ್ಮ ವಾಚಕರ ಪುಟದಲ್ಲಿ ಒಬ್ಬರು ಗ್ಯಾರೇಜಿನವರೆಲ್ಲ ಕಳ್ಳರು ಅಂತ ಬರೆದಿದ್ದರು. ನನಗೆ ಅಷ್ಟು ಸಿಟ್ಟಿಲ್ಲ. ಆದರೆ ನನ್ನ ಕಾರಿನ ಒಂದೇ ಕಾಯಿಲೆಗೆ ಎರಡು ತಿಂಗಳಲ್ಲಿ ಮೂರು ಕಡೆ ದುಡ್ಡು ಕೊಟ್ಟಿದ್ದೇನೆ. ಅದರಲ್ಲಿ ಎರಡು ಕಡೆಯವರು ವೋಲ್ಟ್ ಅಳೆಯುವ ಒಂದು ಮೀಟರನ್ನೂ ಕೈಯಲ್ಲಿ ಹಿಡಿಯಲಿಲ್ಲ. ಅದನ್ನು ಹೇಳೋಣ ಅಂತ ಕೂತಿದ್ದೇನೆ. ಕಾಗದ ಉದ್ದ ಆಗುತ್ತೆ. ಕತ್ತರಿ ಹಾಕುವುದಾದರೆ ನನ್ನ ಕಥೆಗೆ ಹಾಕಿ, ವೋಲ್ಟಿನ ಲೆಕ್ಕಕ್ಕೆ ಮಾತ್ರ ಹಾಕಬೇಡಿ.

ನಾನು ದಾವಣಗೆರೆಯವಳು. ಹರಿಹರದ ಹತ್ತಿರ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. 13 ವರ್ಷ ಹಳೆಯ ಚಿಕ್ಕ ಪೆಟ್ರೋಲ್ ಕಾರಿದೆ, ದಿನಾ ಹೋಗಿ ಬರೋದು ಅದರಲ್ಲೇ. ಮಾರ್ಚ್ ತಿಂಗಳಲ್ಲಿ ಒಂದು ಸಂಜೆ ಪಿ.ಬಿ. ರಸ್ತೆಯ ಗಾಂಧಿ ವೃತ್ತದ ಸಿಗ್ನಲ್ಲಿನಲ್ಲಿ ಇಂಜಿನ್ ಆಫ್ ಮಾಡಿದೆ. ಹಸಿರು ಬಂತು. ಕೀ ತಿರುಗಿಸಿದರೆ 'ಟಕ್' ಅಂತ ಒಂದೇ ಸದ್ದು. ಮತ್ತೆ ತಿರುಗಿಸಿದೆ, ಮತ್ತೆ ಟಕ್. ಹಿಂದೆ ಇದ್ದ ಆಟೋದವರು, ಬಸ್ಸಿನವರು ಎಲ್ಲ ಸೇರಿ ಹಾರ್ನ್ ಹೊಡೆಯೋದಕ್ಕೆ ಶುರು ಮಾಡಿದರು. ಕೊನೆಗೆ ಪಕ್ಕದಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದ ನಾಲ್ಕು ಹುಡುಗರು ಪೊಟ್ಟಣ ಬಾನೆಟ್ ಮೇಲೆ ಇಟ್ಟು, 'ಸೆಕೆಂಡ್ ಗೇರ್ ಹಾಕಿ ಮೇಡಂ, ಕ್ಲಚ್ ಒತ್ತಿ ಹಿಡ್ಕಳ್ರಿ, ಹೇಳ್ದಾಗ ಬಿಡ್ರಿ' ಅಂತ ತಳ್ಳಿದರು. ಗಾಡಿ ಹತ್ತಿತು. ಪೊಟ್ಟಣ ಮಾತ್ರ ರಸ್ತೆಗೆ ಬಿತ್ತು, ಪಾಪ.

ಮಾರನೆ ದಿನ ಬ್ಯಾಟರಿ ಅಂಗಡಿಗೆ ಹೋದೆ. ಅವರು ಬಾನೆಟ್ ಎತ್ತಿ, ಒಂದು ಸಲ ಕೀ ತಿರುಗಿಸಿ, 'ಬ್ಯಾಟರಿ ಹೋಗಿದೆ' ಅಂದರು. ಬ್ಯಾಟರಿಗೆ ಮೂರೂವರೆ ವರ್ಷ ಆಗಿತ್ತು, ನಾನೂ ಒಪ್ಪಿಕೊಂಡೆ. ಹಳೆಯದನ್ನು ಕೊಟ್ಟು ಮೇಲೆ 3,900 ರೂಪಾಯಿ ತೆತ್ತೆ. ಎಂಟು ದಿನ ಚೆನ್ನಾಗಿತ್ತು. ಒಂಬತ್ತನೆ ದಿನ ಶಾಲೆಯ ಅಂಗಳದಲ್ಲಿ, ಮಕ್ಕಳೆಲ್ಲ ನೋಡುತ್ತಿರುವಾಗ, ಮತ್ತೆ ಟಕ್.

ಆಮೇಲೆ ಗ್ಯಾರೇಜ್. ಅಲ್ಲಿ ಕೀ ಸ್ವಿಚ್ ಬದಲಿಸಿದರು, 1,400 ರೂಪಾಯಿ. ಐದು ದಿನಕ್ಕೆ ಮತ್ತದೇ. ಪುನಃ ಹೋದರೆ 'ಸೆಲ್ಫ್ ಪೂರ್ತಿ ಹೊಸದು ಹಾಕಬೇಕು, ಏಳು ಸಾವಿರ ಹಿಡ್ಕೊಳ್ಳಿ' ಅಂದರು. ಸೆಲ್ಫ್ ಅಂದರೆ ಕೀ ತಿರುಗಿಸಿದಾಗ ಇಂಜಿನ್ನನ್ನು ತಿರುಗಿಸಿ ಹತ್ತಿಸುವ ಸ್ಟಾರ್ಟರ್ ಮೋಟಾರ್. ಹಾಗಾದರೆ ಕೀ ಸ್ವಿಚ್ ಯಾಕೆ ಬದಲಿಸಿದಿರಿ ಅಂತ ಕೇಳಿದೆ. 'ಮೇಡಂ, ಇದೆಲ್ಲ ನಿಮಗೆ ಅರ್ಥ ಆಗಲ್ಲ. ಬಿಟ್ಟು ಹೋಗಿ, ಸಂಜೆ ಬನ್ನಿ.'

ಅರ್ಥ ಆಗಲ್ಲ ಅನ್ನೋ ಮಾತು ನನಗೆ ತಾಗಿತು. ಯಾಕೆಂದರೆ ಪ್ರತಿ ವರ್ಷ ಹತ್ತನೇ ತರಗತಿಗೆ ಓಮ್‌ನ ನಿಯಮ ಹೇಳಿಕೊಡೋದು ನಾನೇ. ಬೋರ್ಡಿನ ಮೇಲೆ ಎಷ್ಟು ಸಲ ಆ ಲೆಕ್ಕ ಬರೆದಿದ್ದೇನೋ. ನನ್ನ ಕಾರಿನ ಬ್ಯಾಟರಿಗೆ ಮಾತ್ರ ಒಂದು ಸಲವೂ ಮೀಟರ್ ಹಿಡಿದಿರಲಿಲ್ಲ. ನಾಚಿಕೆ ಆಯಿತು ಅಂತಲೇ ಹೇಳಬೇಕು.

ಮನೆಯಲ್ಲಿ ನಮ್ಮ ಮಾವನವರಿದ್ದಾರೆ. 78 ವರ್ಷ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಜೋರಾಗಿದ್ದ ಕಾಲದಲ್ಲಿ ಒಂದು ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ಮಿಲ್ಲು ಮುಚ್ಚಿ ಎಷ್ಟೋ ವರ್ಷ ಆಯಿತು, ಅವರ ಹತಾರದ ಪೆಟ್ಟಿಗೆ ಮಾತ್ರ ಮಂಚದ ಕೆಳಗೆ ಎಣ್ಣೆ ಸವರಿಕೊಂಡು ಹಾಗೇ ಇದೆ. ನಾನು ನಡೆದಿದ್ದೆಲ್ಲ ಹೇಳಿ ಏಳು ಸಾವಿರದ ಮಾತು ತೆಗೆದೆ. ಅವರು ಪೇಪರ್ ಮಡಚಿಟ್ಟು ಕೇಳಿದ್ದು ಒಂದೇ ಮಾತು. 'ಎಷ್ಟು ವೋಲ್ಟ್ ಐತವ್ವಾ?'

ಯಾರೂ ನೋಡಿಲ್ಲ ಅಂದೆ.

'ನೋಡದೇನೇ ಮೂರು ಸಾಮಾನು ಬದಲಿಸಾಕೆ ಹೊಂಟೀರಾ? ನಮ್ ಮಿಲ್ನಾಗೆ ಹಿಂಗೆ ಮಾಡಿದ್ರೆ ಗೇಟಿನ ಹೊರಗೆ ನಿಲ್ಲಿಸ್ತಿದ್ರು.'

ಭಾನುವಾರ ಬೆಳಗ್ಗೆ ಶುರು ಮಾಡಿದೆವು. ಶಾಲೆಯ ಲ್ಯಾಬಿಗೆ ಅಂತ ಹಿಂದೆ ನಾನೇ ಕೊಂಡಿದ್ದ ಮಲ್ಟಿಮೀಟರ್ ಮನೆಯಲ್ಲಿತ್ತು. ಸಾಧಾರಣದ್ದು, ನಾನೂರು ರೂಪಾಯಿ ಒಳಗೆ ಸಿಗುತ್ತೆ. ಮಾವನವರು ಮೀಟರ್ ಹಿಡಿದರು, ಮಗ ಕೀ ಹತ್ತಿರ ಕೂತ, ನಾನು ಪುಸ್ತಕ ಪೆನ್ನು ಹಿಡಿದೆ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು. ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತಿಟ್ಟೆವು. ಇದು ಮುಖ್ಯ. ಕೈ ಒಳಗಿರುವಾಗ ಸೆಲ್ಫ್ ಇದ್ದಕ್ಕಿದ್ದಂತೆ ಸರಿಯಾಗಿ ಇಂಜಿನ್ ಹತ್ತಿಬಿಟ್ಟರೆ ಬೆಲ್ಟು ಫ್ಯಾನು ಯಾರನ್ನೂ ಕೇಳೋದಿಲ್ಲ.

ಮೊದಲು ಸುಮ್ನೆ ನಿಂತ ಬ್ಯಾಟರಿ. 12.6 ವೋಲ್ಟ್. ಅಂದರೆ ತುಂಬಿದೆ. 12.4 ಇದ್ದರೆ ಮುಕ್ಕಾಲು ಪಾಲು, 12ರ ಹತ್ತಿರ ಬಂದರೆ ಖಾಲಿ ಅಂತಲೇ ಲೆಕ್ಕ. ಆಮೇಲೆ ಹೆಡ್‌ಲೈಟ್ ಹಾಕಿ ಕೀ ತಿರುಗಿಸು ಅಂದರು. ಮೊದಲ ಮೂರು ಸಲ ಸೆಲ್ಫ್ ಚೆನ್ನಾಗಿ ತಿರುಗಿತು, ನಮ್ಮ ಹಣೆಬರಹ. ಡಾಕ್ಟರ ಮುಂದೆ ಕೂತ ತಕ್ಷಣ ಕೆಮ್ಮು ನಿಲ್ಲುತ್ತಲ್ಲ, ಹಾಗೆ. ಆದರೆ ಆ ಮೂರು ಸಲವೂ ಕೆಲಸಕ್ಕೆ ಬಂತು, ಹೇಗೆ ಅಂತ ಮುಂದೆ ಹೇಳ್ತೀನಿ. ನಾಲ್ಕನೆ ಸಲಕ್ಕೆ ಬಂತು ನೋಡಿ, ಟಕ್. ಲೈಟು ಕಣ್ಣು ಮಿಟುಕಿಸಿದ ಹಾಗೆ ಆಯಿತು ಅಷ್ಟೇ, ಮಂಕಾಗಲಿಲ್ಲ. ಬ್ಯಾಟರಿ ಮೇಲೆ ಮೀಟರ್ 12.2 ತೋರಿಸಿತು.

ಇಲ್ಲೇ ಬ್ಯಾಟರಿಯ ಪ್ರಶ್ನೆ ಮುಗಿಯಿತು. ಚಿಕ್ಕ ಕಾರಿನ ಸೆಲ್ಫ್ ಕೂಡ ತಿರುಗುವಾಗ ನೂರು ಆಂಪಿಯರಿಗೂ ಜಾಸ್ತಿ ಕರೆಂಟ್ ಎಳೆಯುತ್ತೆ. ಬ್ಯಾಟರಿ ಸೋತಿದ್ದರೆ ಆ ಹೊರೆಗೆ ವೋಲ್ಟೇಜ್ ಕುಸಿಯುತ್ತೆ, ಲೈಟು ಹಣತೆಯ ಹಾಗೆ ಆಗುತ್ತೆ. ತಿರುಗುವಾಗ 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿಯನ್ನು ಅನುಮಾನಿಸಬೇಕು. ಆಗ ಬರುವ ಸದ್ದೂ ಬೇರೆ, 'ಟಕಟಕಟಕ' ಅಂತ ಬಡಬಡ ಹೊಡೆದುಕೊಳ್ಳುತ್ತೆ. ನಮ್ಮದು ಒಂದೇ ಗಟ್ಟಿ ಟಕ್. ಕರೆಂಟು ಮೋಟಾರಿನ ಒಳಗೆ ಹೋಗುತ್ತಲೇ ಇಲ್ಲ, ಹಾಗಾಗಿ ಬ್ಯಾಟರಿಗೆ ಭಾರವೇ ಬೀಳುತ್ತಿಲ್ಲ. ಬ್ಯಾಟರಿ ಅಂಗಡಿಯವರು ಹೆಡ್‌ಲೈಟ್ ಹಾಕಿ ಒಂದು ಕ್ಷಣ ನೋಡಿದ್ದರೂ ಇಷ್ಟು ಗೊತ್ತಾಗುತ್ತಿತ್ತು. ಮೀಟರೂ ಬೇಕಿರಲಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸೆಲ್ಫ್ ಗರಗರ ಅಂತ ಚೆನ್ನಾಗಿ ತಿರುಗಿ ಇಂಜಿನ್ ಹತ್ತದೇ ಇದ್ದರೆ ಅದು ಸೆಲ್ಫಿನ ತಪ್ಪಲ್ಲ. ಪೆಟ್ರೋಲೋ ಪ್ಲಗ್ಗೋ ಬೇರೆ ಏನೋ. ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಎರಡನ್ನೂ ಸೇರಿಸಿ 'ಗಾಡಿ ಸ್ಟಾರ್ಟ್ ಆಗ್ತಿಲ್ಲ' ಅಂತಲೇ ಹೇಳೋದು, ಗ್ಯಾರೇಜಿನವರು ಪಾಪ ಏನು ತಿಳಿದುಕೊಳ್ಳಬೇಕು.

ಈಗ ಆ ಮೂರು ಸಲದ ಕಥೆ. ಸೆಲ್ಫ್ ಚೆನ್ನಾಗಿ ತಿರುಗುತ್ತಿದ್ದಾಗ ಮಾವನವರು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಇಂಜಿನ್ನಿನ ಬರಿ ಕಬ್ಬಿಣಕ್ಕೆ ಹಿಡಿದಿದ್ದರು. 0.2 ವೋಲ್ಟ್. ಆಮೇಲೆ ಪಾಸಿಟಿವ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿಗೆ. ಅಲ್ಲಿ 0.3. ಎರಡೂ ಅರ್ಧ ವೋಲ್ಟಿನ ಒಳಗಿದೆ, ಅಂದರೆ ವೈರು, ಕ್ಲಾಂಪು, ಅರ್ಥಿಂಗ್ ಸರಿಯಾಗಿವೆ. ಈ ಅಳತೆಯನ್ನು ಕರೆಂಟ್ ಹರಿಯುತ್ತಿರುವಾಗಲೇ ಮಾಡಬೇಕು. ಬರೀ ಟಕ್ ಅಂದಾಗ ಅಳೆದರೆ ಎಲ್ಲಾ ಕಡೆ ಸೊನ್ನೆಯ ಹತ್ತಿರವೇ ಬಂದು ಎಲ್ಲ ಚೆನ್ನಾಗಿದೆ ಅಂತ ಮೋಸ ಹೋಗ್ತೀವಿ.

ಇಲ್ಲಿ ನನ್ನೊಳಗಿನ ಟೀಚರ್ ಎದ್ದು ಕೂತಳು, ಕ್ಷಮಿಸಿ. ಕ್ಲಾಂಪಿನ ಕೆಳಗೆ ಹಸಿರು ಬಿಳಿ ಬೂಸು ಕಟ್ಟಿ ಒಂದು ಓಮ್‌ನ ಐವತ್ತರಲ್ಲಿ ಒಂದು ಪಾಲು ತಡೆ ಹುಟ್ಟಿತು ಅಂದುಕೊಳ್ಳಿ. 0.02 ಓಮ್. ಅದು ಏನೇನೂ ಅಲ್ಲ ಅನ್ನಿಸುತ್ತೆ ಅಲ್ವಾ? ಹಾರ್ನಿಗೆ 5 ಆಂಪಿಯರ್ ಸಾಕು. 5ನ್ನು 0.02ರಿಂದ ಗುಣಿಸಿದರೆ 0.1 ವೋಲ್ಟ್ ನಷ್ಟ, ಹಾರ್ನಿಗೆ ಗೊತ್ತೇ ಆಗಲ್ಲ. ಸೆಲ್ಫ್ 150 ಆಂಪಿಯರ್ ಕೇಳುತ್ತೆ. 150 ಗುಣಿಸು 0.02, ಮೂರು ವೋಲ್ಟ್ ಅಲ್ಲೇ ಮಾಯ. ಅಷ್ಟೂ ಶಕ್ತಿ ಆ ಕ್ಲಾಂಪಿನಲ್ಲೇ ಶಾಖ ಆಗುತ್ತೆ, ಕೈಯಿಟ್ಟರೆ ಸುಡುತ್ತೆ. ಹಾರ್ನ್ ಜೋರಾಗಿದೆ, ಲೈಟು ಚೆನ್ನಾಗಿದೆ, ಹಾಗಾಗಿ ವೈರಿಂಗ್ ಸರಿ ಇದೆ ಅನ್ನೋ ಮಾತಿಗೆ ಬೆಲೆ ಇಲ್ಲ ಅನ್ನೋದು ಇದಕ್ಕೇ. ಟೆಸ್ಟರ್ ಬಲ್ಬ್ ಕೂಡ ಇದೇ ರೀತಿ ಸುಳ್ಳು ಹೇಳುತ್ತೆ. ನಾನು ಇಷ್ಟು ವರ್ಷ ಪಾಠದಲ್ಲಿ 2 ಓಮ್, 5 ಓಮ್ ಅಂತಲೇ ಲೆಕ್ಕ ಕೊಟ್ಟಿದ್ದೇನೆ. ಈ ವರ್ಷದಿಂದ 0.02 ಕೊಡ್ತೀನಿ.

ವೈರು ಸರಿ ಇದ್ದ ಮೇಲೆ ಸೆಲ್ಫಿಗೆ ಹೋಗುವ ಸಣ್ಣ ವೈರು. ಕೀ ತಿರುಗಿಸಿದಾಗ ಸೆಲ್ಫಿಗೆ ಅಪ್ಪಣೆ ಕೊಡುವ ವೈರು ಅದು. ಅಲ್ಲಿ 11.8 ಬಂತು. ಅಂದರೆ ಕೀ ಸ್ವಿಚ್ಚೂ ಸರಿ, ರಿಲೇಯೂ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸುವ ಚಿಕ್ಕ ಸ್ವಿಚ್ ಡಬ್ಬಿ) ಸರಿ. ನನ್ನ 1,400 ರೂಪಾಯಿ ನೀರಲ್ಲಿ ಹೋಮ ಆಗಿದ್ದು ಆ ಕ್ಷಣದಲ್ಲಿ ಖಾತ್ರಿ ಆಯಿತು. ನಿಮ್ಮ ಗಾಡಿಯಲ್ಲಿ ಟಕ್ ಸದ್ದೂ ಬರದೆ, ಈ ವೈರಿನಲ್ಲಿ ಏನೂ ಬರದೇ ಇದ್ದರೆ ಮೊದಲು ಫ್ಯೂಸ್ ಬಾಕ್ಸ್ ತೆರೆಯಿರಿ. ಸೆಲ್ಫಿನ ರಿಲೇ ಮತ್ತು ಹಾರ್ನಿನ ರಿಲೇ ಒಂದೇ ನಂಬರಿನವಾಗಿದ್ದರೆ ಅದಲು ಬದಲು ಮಾಡಿ ನೋಡಿ, ಐದು ನಿಮಿಷದ ಕೆಲಸ. ಕೆಲವು ಗಾಡಿಗಳಲ್ಲಿ ಕ್ಲಚ್ ಪೂರ್ತಿ ಒತ್ತದಿದ್ದರೆ ಸೆಲ್ಫ್ ಏಳಲ್ಲ, ಆಟೋಮ್ಯಾಟಿಕ್ ಆದರೆ ಗೇರ್ ಪಾರ್ಕಿಂಗಲ್ಲೋ ನ್ಯೂಟ್ರಲ್ಲಿನಲ್ಲೋ ಇರಬೇಕು. ಅದನ್ನೂ ನೋಡಿ.

ಉಳಿದಿದ್ದು ಸೆಲ್ಫಿನ ಬೆನ್ನ ಮೇಲೆ ಕೂತ ಸೊಲೆನಾಯ್ಡ್. ಮೆಕ್ಯಾನಿಕ್‌ಗಳು ಅದಕ್ಕೂ ಸ್ವಿಚ್ ಅಂತಲೇ ಕರೆಯೋದು, ಅದಕ್ಕೇ ಜನಕ್ಕೆ ಕೀ ಸ್ವಿಚ್ಚಿನ ಜೊತೆ ಗೊಂದಲ. ಅದಕ್ಕೆ ಎರಡು ಕೆಲಸ. ಒಳಗಿನ ಕಾಯಿಲ್, ಅಂದರೆ ತಂತಿಯ ಸುರುಳಿ, ಒಂದು ಕಬ್ಬಿಣದ ಸರಳನ್ನು ಎಳೆದುಕೊಳ್ಳುತ್ತೆ, ಆ ಎಳೆತಕ್ಕೆ ಸೆಲ್ಫಿನ ಪಿನಿಯನ್ (ಚಿಕ್ಕ ಹಲ್ಲಿನ ಚಕ್ರ) ಮುಂದೆ ಜಾರಿ ಇಂಜಿನ್ನಿನ ಫ್ಲೈವೀಲ್ ಅನ್ನೋ ದೊಡ್ಡ ಚಕ್ರದ ಹಲ್ಲಿಗೆ ಕಚ್ಚಿಕೊಳ್ಳುತ್ತೆ. ಅದೇ ಟಕ್ ಸದ್ದು. ಎಳೆತದ ಕೊನೆಗೆ ಆ ಸರಳು ಒಂದು ತಾಮ್ರದ ಬಿಲ್ಲೆಯನ್ನು ಎರಡು ತಾಮ್ರದ ತುಂಡುಗಳ (ಕಾಂಟ್ಯಾಕ್ಟ್) ಮೇಲೆ ಒತ್ತುತ್ತೆ, ಆಗ ಬ್ಯಾಟರಿಯ ದಪ್ಪ ಬೋಲ್ಟೂ ಮೋಟಾರಿನ ಬೋಲ್ಟೂ ಸೇರಿ ಕರೆಂಟು ನುಗ್ಗುತ್ತೆ. ಮೊದಲ ಕೆಲಸ ಆಗಿ ಎರಡನೆಯದು ಆಗದೇ ಇದ್ದರೆ? ಬರೀ ಟಕ್. ಪ್ರತಿ ಸಲ ಸ್ಟಾರ್ಟ್ ಮಾಡುವಾಗಲೂ ಅಲ್ಲಿ ಕಿಡಿ ಹಾರುತ್ತೆ, ತಾಮ್ರ ಸ್ವಲ್ಪ ಸ್ವಲ್ಪ ಸುಟ್ಟು ತಿಂದುಹೋಗುತ್ತೆ. ಬಿಲ್ಲೆ ಒಳಗೆ ಅಷ್ಟಿಷ್ಟು ತಿರುಗುವುದರಿಂದ ಒಂದು ಸಲ ಒಳ್ಳೆ ಜಾಗ ತಾಗಿ ಗಾಡಿ ಹತ್ತುತ್ತೆ, ಇನ್ನೊಂದು ಸಲ ಸುಟ್ಟ ಜಾಗ ಸಿಕ್ಕಿ ನಡುರಸ್ತೆಯಲ್ಲಿ ನಿಲ್ಲಿಸುತ್ತೆ. ಹೊಸ ಬ್ಯಾಟರಿ ಹಾಕಿದ ಎಂಟು ದಿನ ಚೆನ್ನಾಗಿತ್ತು ಅಂದೆನಲ್ಲ, ಅದು ಬ್ಯಾಟರಿಯ ಮಹಿಮೆ ಅಲ್ಲ, ಬಿಲ್ಲೆಯ ಮಹಿಮೆ.

ಟಕ್ ಅಂದಾಗ ಸೊಲೆನಾಯ್ಡಿನ ಮೇಲಿನ ದಪ್ಪ ಬೋಲ್ಟಿನಲ್ಲಿ 12.1. ಮೋಟಾರಿನ ಕಡೆಯ ಬೋಲ್ಟಿನಲ್ಲಿ ಅರ್ಧ ವೋಲ್ಟೂ ಇಲ್ಲ. ಎರಡರ ನಡುವೆ ಎರಡು ಇಂಚು ದೂರ. ಕಳ್ಳ ಆ ಎರಡು ಇಂಚಿನಲ್ಲೇ ಇದ್ದ.

ಮಾವನವರು ಇನ್ನೂ ಒಂದು ಸೂಕ್ಷ್ಮ ಹೇಳಿದರು. ಎಳೆಯುವ ಕಾಯಿಲಿನ ಕರೆಂಟು ಮೋಟಾರಿನ ಕಾರ್ಬನ್‌ಗಳ (ತಿರುಗುವ ಭಾಗಕ್ಕೆ ಉಜ್ಜಿಕೊಂಡು ಕರೆಂಟು ಮುಟ್ಟಿಸುವ ತುಂಡುಗಳು) ಮೂಲಕವೇ ಅರ್ಥ್ ಸೇರುತ್ತೆ. ಹಾಗಾಗಿ ಟಕ್ ಗಟ್ಟಿಯಾಗಿ ಬಂದರೆ ಕಾರ್ಬನ್ ಅಷ್ಟಾದರೂ ತಾಗುತ್ತಿದೆ ಅಂತ ಅರ್ಥ. ಕಾರ್ಬನ್ ಪೂರ್ತಿ ಸವೆದಿದ್ದರೆ ಸದ್ದೇ ಸತ್ತು ಹೋಗುತ್ತೆ. ಆಗ ಸುತ್ತಿಗೆಯ ಹಿಡಿಯಿಂದ ಸೆಲ್ಫಿನ ಮೈಮೇಲೆ ಎರಡು ಮೆಲ್ಲಗೆ ತಟ್ಟಿದರೆ ಸಿಕ್ಕಿಬಿದ್ದ ಕಾರ್ಬನ್ ಜಾರಿ ಒಂದು ಸಲ ಹತ್ತಬಹುದು. ಅದು ಮನೆ ಸೇರೋದಕ್ಕೆ ದಾರಿ ಅಷ್ಟೇ, ರಿಪೇರಿ ಅಲ್ಲ. ತಟ್ಟಿ ತಟ್ಟಿ ಆರು ತಿಂಗಳು ಓಡಿಸುವವರೂ ಇದ್ದಾರೆ.

ಬಿಚ್ಚುವ ಕೆಲಸ ಮಧ್ಯಾಹ್ನ ಊಟ ಆದ ಮೇಲೆ. ಮೊದಲು ಕೈಯಲ್ಲಿದ್ದ ಎರಡು ಚಿನ್ನದ ಬಳೆ, ಉಂಗುರ, ಕತ್ತಿನ ಸರ ಎಲ್ಲ ತೆಗೆದಿಟ್ಟೆ. ಹೆಣ್ಣುಮಕ್ಕಳು ಇದನ್ನು ಮರೆಯಬೇಡಿ. ಬ್ಯಾಟರಿಯ ಪಾಸಿಟಿವ್‌ಗೂ ಬಾಡಿಗೂ ನಡುವೆ ಬಳೆ ತಾಗಿದರೆ ಅದು ಕ್ಷಣದಲ್ಲಿ ಕೆಂಪಾಗುತ್ತೆ, ಚರ್ಮದ ಜೊತೆಗೇ ಬರುತ್ತೆ. ಆಮೇಲೆ ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಬೇಕು. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಬೆಂಕಿಯೇ ಹಾರುತ್ತೆ. ನೆಗೆಟಿವ್ ತೆಗೆದ ಮೇಲೆ ಸ್ಪ್ಯಾನರ್ ಎಲ್ಲಿ ತಾಗಿದರೂ ಚಿಂತೆ ಇಲ್ಲ. ಹಾಕುವಾಗ ಉಲ್ಟಾ, ನೆಗೆಟಿವ್ ಕೊನೆಗೆ. ಸೆಲ್ಫಿನ ದಪ್ಪ ವೈರು ಬ್ಯಾಟರಿಯಿಂದ ನೇರ ಬರುತ್ತೆ, ನಡುವೆ ಕೀ ಇಲ್ಲ. ಕೀ ಜೇಬಲ್ಲಿದೆ ಅಂತ ಧೈರ್ಯ ಮಾಡಬೇಡಿ.

ನಮ್ಮ ಕಾರಿನಲ್ಲಿ ಏರ್ ಫಿಲ್ಟರಿನ ಡಬ್ಬ ತೆಗೆದರೆ ಸೆಲ್ಫ್ ಮೇಲಿನಿಂದಲೇ ಕೈಗೆ ಸಿಗುತ್ತೆ, ಅದು ನಮ್ಮ ಪುಣ್ಯ. ಕೆಲವು ಕಾರುಗಳಲ್ಲಿ ಕೆಳಗಿನಿಂದ ಹೋಗಬೇಕು. ಹಾಗಿದ್ದರೆ ಬರೀ ಜಾಕ್ ನಂಬಿ ತಲೆ ಒಳಗೆ ಹಾಕಬೇಡಿ. ಜಾಕ್ ಇರೋದು ಚಕ್ರ ಬದಲಿಸೋದಕ್ಕೆ. ಗಟ್ಟಿ ಸ್ಟ್ಯಾಂಡ್ ಇಲ್ಲ ಅಂದರೆ ಆ ಕೆಲಸ ಗ್ಯಾರೇಜಿಗೇ ಬಿಡಿ, ಅದರಲ್ಲಿ ಅವಮಾನ ಏನಿಲ್ಲ.

ಎಲ್ಲ ವೈರಿನ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡು ಬಿಚ್ಚಿದೆವು. ದಪ್ಪ ವೈರಿನ ನಟ್ಟು, ಸಣ್ಣ ವೈರಿನ ಕನೆಕ್ಟರ್, ಆಮೇಲೆ ಇಂಜಿನ್ನಿಗೆ ಹಿಡಿದಿರುವ ಎರಡು ಬೋಲ್ಟು. ಮೇಲಿನದು ಹತ್ತು ನಿಮಿಷಕ್ಕೆ ಬಂತು. ಕೆಳಗಿನದು ಒಂದೂವರೆ ಗಂಟೆ ತಿಂದಿತು. ಕಣ್ಣಿಗೆ ಕಾಣಲ್ಲ, ಕೈಗೆ ಮಾತ್ರ ಸಿಗುತ್ತೆ, ತುಕ್ಕು ಬೇರೆ. ಎಣ್ಣೆ ಬಿಟ್ಟು ಟೀ ಕುಡಿದು ಬಂದೆವು. ಸಾಕೆಟ್ಟಿಗೆ ಉದ್ದದ ಎಕ್ಸ್‌ಟೆನ್ಶನ್ ಸೇರಿಸಿ, ಎಳೆದು ಜಗ್ಗದೆ, ಒಂದೇ ಹದದಲ್ಲಿ ಒತ್ತಡ ಕೊಟ್ಟಾಗ 'ಕಿರ್' ಅಂತ ಬಿಟ್ಟಿತು. ಆ ಸದ್ದಿನ ಸುಖ ಹೇಳಿದರೆ ನಗುತ್ತೀರಿ. ವಾಷರ್ ಮಾತ್ರ ಒಳಗೆ ಬಿತ್ತು. ಹಳೆ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ಬಾವಿಯಿಂದ ಕೊಡ ಎತ್ತುವ ಹಾಗೆ ಮಾವನವರು ಎತ್ತಿದರು.

ಸೆಲ್ಫ್ ಹೊರಗೆ ಬಂದಾಗ ಆ ತೂತಿನಲ್ಲಿ ಬ್ಯಾಟರಿ ಬಿಟ್ಟು ಫ್ಲೈವೀಲಿನ ಹಲ್ಲು ನೋಡಿದೆವು. ಬ್ಯಾಟರಿ ಅಂದರೆ ಟಾರ್ಚು, ನಮ್ಮ ಕಡೆ ಹಾಗೇ ಅನ್ನೋದು. ಪಿನಿಯನ್ನಿಗೆ ಹತ್ತರ ಆಸುಪಾಸು ಹಲ್ಲು, ಫ್ಲೈವೀಲಿಗೆ ನೂರರ ಆಸುಪಾಸು. ಅಷ್ಟು ಚಿಕ್ಕ ಮೋಟಾರ್ ಇಡೀ ಇಂಜಿನ್ನನ್ನು ತಿರುಗಿಸುವ ಗುಟ್ಟು ಇದೇ. ಹಲ್ಲು ಸವೆದಿದ್ದರೆ ಹೊಸ ಸೆಲ್ಫ್ ಹಾಕಿದರೂ ಕರಕರ ತಪ್ಪಲ್ಲ. ನಮ್ಮದು ಚೆನ್ನಾಗಿತ್ತು.

ಸೊಲೆನಾಯ್ಡಿನ ಮುಚ್ಚಳ ಬಿಚ್ಚಿ ನೋಡಿದರೆ ಒಂದು ತಾಮ್ರದ ತುಂಡು ಅರ್ಧ ಚಂದ್ರನ ಹಾಗೆ ತಿಂದುಹೋಗಿದೆ. ಬಿಲ್ಲೆ ಕಪ್ಪಾಗಿ ಗುಂಡಿ ಗುಂಡಿ. ಮೂರು ಜನ ತಲೆಗೆ ತಲೆ ತಾಗಿಸಿ ಆ ತುಂಡನ್ನು ನೋಡಿದೆವು. ಐದು ಸಾವಿರದ ಮುನ್ನೂರು ರೂಪಾಯಿ ಖರ್ಚು ಮಾಡಿಸಿದ ಮಹಾನುಭಾವ ಹೆಬ್ಬೆರಳಿನ ಉಗುರಿನಷ್ಟಿದ್ದ. ಕಾರ್ಬನ್‌ಗಳೂ ಸಾಕಷ್ಟು ಸವೆದಿದ್ದವು, ಇನ್ನೊಂದು ವರ್ಷ ಬರುತ್ತಿತ್ತೇನೋ.

ಸೋಮವಾರ ಸಂಜೆ ಸೆಲ್ಫನ್ನು ತರಕಾರಿ ಚೀಲದಲ್ಲಿ ಹಾಕಿಕೊಂಡು ಬಿಡಿಭಾಗದ ಅಂಗಡಿಗಳಿಗೆ ಹೋದೆ. ಮೂರು ಅಂಗಡಿಯಲ್ಲಿ ಬಿಡಿ ಸೊಲೆನಾಯ್ಡ್ ಇಲ್ಲ, ಪೂರ್ತಿ ಸೆಲ್ಫ್ ಮಾತ್ರ ಇದೆ ಅಂದರು. ನಾಲ್ಕನೆಯ ಅಂಗಡಿಯವರು ಒಬ್ಬ ಹಳೆಯ ಆಟೋ ಎಲೆಕ್ಟ್ರಿಷಿಯನ್ ಹೆಸರು ಹೇಳಿದರು. ಒಂದೇ ಬಾಗಿಲಿನ ಅಂಗಡಿ, ಗೋಡೆ ತುಂಬ ಡೈನಮೊ, ಆರ್ಮೇಚರ್ ನೇತು ಹಾಕಿದ್ದಾರೆ. ಅವರು ಚೀಲದಿಂದ ಸೆಲ್ಫ್ ತೆಗೆದು, ಕಾಲಿನಡಿ ಗಟ್ಟಿಯಾಗಿ ಒತ್ತಿ ಹಿಡಿದು, ಬ್ಯಾಟರಿ ಕೇಬಲ್ ತಾಗಿಸಿದರು. ಕರೆಂಟು ಕೊಟ್ಟಾಗ ಸೆಲ್ಫ್ ಜಿಗಿಯುತ್ತೆ, ಕೈಯಲ್ಲಿ ಹಿಡಿದು ಯಾರೂ ಹೀಗೆ ಮಾಡಬಾರದು. 'ಯಾರು ಬಿಚ್ಚಿದ್ದು ಮೇಡಂ?' ಅಂದರು. ನಾವೇ ಅಂದೆ. 'ಕಾಂಟ್ಯಾಕ್ಟ್ ಹೋಗಿದೆ ಅಂತ ಮೊದಲೇ ಹೇಳಿದ್ರಲ್ಲ, ಹೆಂಗೆ ಗೊತ್ತಾಯ್ತು?' ಮೀಟರಿನ ಅಂಕಿ ಬರೆದ ಪುಟ ತೋರಿಸಿದೆ. ಅವರು ಓದಿದರು, ನಕ್ಕರು, ಇನ್ನೊಂದು ಟೀ ತರಿಸಿದರು. ಹೊಸ ಸೊಲೆನಾಯ್ಡ್, ಕಾರ್ಬನ್ ಸೆಟ್, ಬುಷ್, ಮಜೂರಿ ಎಲ್ಲ ಸೇರಿ 1,350 ರೂಪಾಯಿ. ಹಳೆಯ ತುಂಡುಗಳನ್ನು ನಾನು ಕೇಳುವ ಮೊದಲೇ ಒಂದು ಕಾಗದದಲ್ಲಿ ಕಟ್ಟಿ ಕೊಟ್ಟರು.

ವಾಪಸ್ ಹಾಕುವಾಗ ಸೆಲ್ಫ್ ಕೂರುವ ಜಾಗವನ್ನು ಎಮರಿ ಪೇಪರಿನಿಂದ ಹೊಳೆಯುವ ಹಾಗೆ ಉಜ್ಜಿದೆವು. ಸೆಲ್ಫಿನ ಅರ್ಥ್ ಆ ಕಬ್ಬಿಣದ ಮೂಲಕವೇ ಹೋಗಬೇಕು, ಅಲ್ಲಿ ತುಕ್ಕೋ ಬಣ್ಣವೋ ಉಳಿದರೆ ಮತ್ತೆ ಅದೇ 0.02 ಓಮ್ ಕಥೆ. ಎರಡೂ ಬೋಲ್ಟನ್ನು ಮೊದಲು ಕೈಯಲ್ಲೇ ಹಿಡಿಸಿ ಆಮೇಲೆ ಬಿಗಿ ಮಾಡಿದೆವು. ದಪ್ಪ ವೈರಿನ ನಟ್ಟಿಗೆ ಬಲ ಪ್ರಯೋಗ ಬೇಡ, ಆ ಬೋಲ್ಟು ಪ್ಲಾಸ್ಟಿಕ್ ಮುಚ್ಚಳದಲ್ಲಿ ಕೂತಿರುತ್ತೆ, ತಿರುಚಿಕೊಂಡರೆ ಹೊಸ ಸೊಲೆನಾಯ್ಡೂ ಹೋಯಿತು. ಕೊನೆಗೆ ನೆಗೆಟಿವ್ ಹಾಕಿ, ಪಂಪಿನ ಫ್ಯೂಸ್ ಹಾಕಿ, ಮಗ ಕೀ ತಿರುಗಿಸಿದ. ಒಂದೇ ಸುತ್ತಿಗೆ ಹತ್ತಿತು. ತಿರುಗುವಾಗ ಬ್ಯಾಟರಿ 10.6ಕ್ಕೆ ಇಳಿಯಿತು, ಅಂದರೆ ಈಗ ನಿಜವಾಗಿ ಭಾರ ಹೊರುತ್ತಿದೆ. ಮಾವನವರು ಅದನ್ನೂ ಬರೆದುಕೋ ಅಂದರು.

ಆ ರಾತ್ರಿ ಊಟಕ್ಕೆ ಕೂತಾಗ ಅವರು ಹಳೆ ಅಂಬಾಸಿಡರ್ ಕಾರಿಗೆ ಮುಂದೆ ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದ ಕಥೆ ತೆಗೆದರು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಬೇಕಂತೆ, ಸುತ್ತಿ ಹಿಡಿದರೆ ಇಂಜಿನ್ ಹಿಂದಕ್ಕೆ ಒದ್ದಾಗ ಹೆಬ್ಬೆರಳು ಮುರಿಯುತ್ತಿತ್ತಂತೆ. ಆ ಕಷ್ಟ ತಪ್ಪಿಸಿದ್ದು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವನು ಮಾಡಿದ ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಕ್ಯಾಡಿಲ್ಯಾಕ್ ಕಾರಿನಲ್ಲಿ ಬಂತು. ಹ್ಯಾಂಡಲ್ ಇಲ್ಲದೆ ತಾನೇ ಹತ್ತುತ್ತೆ ಅಂತ ಇಂಗ್ಲಿಷಿನವರು ಸೆಲ್ಫ್ ಸ್ಟಾರ್ಟರ್ ಅಂದರು. ನಾವು ಸ್ಟಾರ್ಟರ್ ಬಿಟ್ಟು ಸೆಲ್ಫ್ ಇಟ್ಟುಕೊಂಡೆವು.

ಈಗ ಗ್ಯಾರೇಜಿನವರಿಗೆ ನನ್ನ ಮಾತು. ಎಲ್ಲರೂ ಮನೆಯಲ್ಲಿ ಬಿಚ್ಚಿ ಅಂತ ನಾನು ಹೇಳುತ್ತಿಲ್ಲ. ನನಗೆ ಮನೆಯಲ್ಲಿ ಒಬ್ಬ ಫಿಟ್ಟರ್ ಸಿಕ್ಕರು, ಎಲ್ಲರಿಗೂ ಸಿಗಲ್ಲ. ನಿಮ್ಮ ಕಷ್ಟವೂ ಗೊತ್ತು. ದಿನಕ್ಕೆ ಹತ್ತು ಗಾಡಿ, ಕಲಿತ ಹುಡುಗರು ನಿಲ್ಲಲ್ಲ, ಬಂದವರೆಲ್ಲ ಅರ್ಧ ಗಂಟೆಯಲ್ಲಿ ಗಾಡಿ ಬೇಕು ಅಂತಾರೆ. ಪೂರ್ತಿ ಸೆಲ್ಫ್ ಬದಲಿಸಿದರೆ ನಿಮಗೂ ತಲೆನೋವಿಲ್ಲ, ಅದು ತಪ್ಪೂ ಅಲ್ಲ. ಸೆಲ್ಫ್ ಹೋಗಿದೆ ಅನ್ನೋದು ಗೊತ್ತಾದ ಮೇಲೆ ಹೊಸದು ಹಾಕಬೇಕೋ ಹಳೆಯದನ್ನೇ ರಿಪೇರಿ ಮಾಡಬೇಕೋ ಅದು ದುಡ್ಡಿನ ಪ್ರಶ್ನೆ, ಗಿರಾಕಿ ಯೋಚನೆ ಮಾಡಿಕೊಳ್ಳಲಿ. ನಾನು ಕೇಳುವುದು ಅದಕ್ಕಿಂತ ಮೊದಲಿನದು. ಬಿಲ್ಲಿನಲ್ಲಿ ಮೂರು ಅಂಕಿ ಬರೆಯಿರಿ. ನಿಂತಾಗ ಬ್ಯಾಟರಿ ಎಷ್ಟಿತ್ತು, ಕೀ ತಿರುಗಿಸಿದಾಗ ಎಷ್ಟಾಯಿತು, ಆಗ ಸೆಲ್ಫಿನ ಮೇಲೆ ಎಷ್ಟು ಬಂತು. ಐದು ನಿಮಿಷ ಸಾಕು, ಬೇಕಿದ್ದರೆ ಅದಕ್ಕೆ ನೂರು ರೂಪಾಯಿ ಜಾಸ್ತಿ ತೆಗೆದುಕೊಳ್ಳಿ, ಯಾರೂ ಬೇಡ ಅನ್ನಲ್ಲ. ಬದಲಿಸಿದ ಹಳೆ ಸಾಮಾನನ್ನು ಕೇಳದೇ ಕೈಗೆ ಕೊಡಿ. ಬಿ.ಪಿ. ನೋಡದೆ ಮಾತ್ರೆ ಬರೆಯುವ ಡಾಕ್ಟರ ಹತ್ತಿರ ನೀವೂ ಹೋಗಲ್ಲ ಅಲ್ವಾ?

ಗಾಡಿ ಇರುವವರೂ ಸ್ವಲ್ಪ ಬದಲಾಗಬೇಕು. 'ಸ್ಟಾರ್ಟ್ ಆಗ್ತಿಲ್ಲ' ಅಂತ ಹೇಳಿ ಕೀ ಎಸೆದು ಬರೋದು ಬಿಡಿ. ಸದ್ದು ಒಂದಾ, ಬಡಬಡನಾ, ಏನೂ ಇಲ್ವಾ? ಲೈಟು ಮಂಕಾಯ್ತಾ? ಇಂಜಿನ್ ಕಾದಾಗ ಮಾತ್ರನಾ, ಬೆಳಗ್ಗೆಯೂನಾ? ಇಷ್ಟು ಹೇಳಿದರೆ ಅರ್ಧ ಕೆಲಸ ಆದ ಹಾಗೆ. ಸೆಲ್ಫ್ ಹತ್ತಲಿಲ್ಲ ಅಂತ ಒಂದೇ ಸಮನೆ ಕೀ ಒತ್ತಿ ಹಿಡಿಯಬೇಡಿ, ಹತ್ತು ಸೆಕೆಂಡಿಗಿಂತ ಜಾಸ್ತಿ ಬೇಡ, ಒಂದು ನಿಮಿಷ ಬಿಟ್ಟು ಮತ್ತೆ ನೋಡಿ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಬಾನೆಟ್ ಒಳಗೆ ಮೊದಲೇ ಒಲೆ.

ಸಂಪಾದಕರೇ, ನಿಮ್ಮ ವಾಹನದ ಪುಟದಲ್ಲಿ ಪ್ರತಿ ವಾರ ಹೊಸ ಕಾರಿನ ಬಣ್ಣ, ಬೆಲೆ, ಪರದೆ ಎಷ್ಟು ಇಂಚು ಅಂತ ಓದುತ್ತೇನೆ. ಹತ್ತು ವರ್ಷದ ಕಾರನ್ನು ಇನ್ನೂ ಐದು ವರ್ಷ ಓಡಿಸಬೇಕಾದವರು ನಿಮ್ಮ ಓದುಗರಲ್ಲಿ ಜಾಸ್ತಿ ಇದ್ದಾರೆ ಅಂತ ನನ್ನ ಅನಿಸಿಕೆ. ಅವರಿಗೆ ಅಂತ ಅರ್ಧ ಕಾಲಂ ಕೊಡಿ. ಬರೆಯೋದಕ್ಕೆ ಆ ಒಂದು ಬಾಗಿಲಿನ ಅಂಗಡಿಯವರಂಥವರನ್ನು ಕೇಳಿ, ನನ್ನನ್ನು ಬೇಡ.

ಸುಟ್ಟ ತಾಮ್ರದ ತುಂಡು ಈಗ ನಮ್ಮ ಶಾಲೆಯ ಲ್ಯಾಬಿನ ಕಪಾಟಿನಲ್ಲಿದೆ, ಪಕ್ಕದಲ್ಲಿ ಮೀಟರಿನ ಅಂಕಿ ಬರೆದ ಪುಟ. ಅಂಗಡಿಗೆ ಕೊಟ್ಟುಬಂದ ಹಳೆ ಬ್ಯಾಟರಿಯ ಅಂಕಿ ಮಾತ್ರ ಅದರಲ್ಲಿಲ್ಲ. ಅದು ಚೆನ್ನಾಗೇ ಇತ್ತೇನೋ.

ಇತಿ,
ಒಬ್ಬ ವಿಜ್ಞಾನ ಶಿಕ್ಷಕಿ
ದಾವಣಗೆರೆ